ಕಚೇರಿಯಿಂದ ಪುರಭವನಕ್ಕೆ

ಒಂದು ಊರಿನ ಚರಿತ್ರೆಯನ್ನು ಅರಿಯಬೇಕಾದರೆ ಮೊದಲು ಅಲ್ಲಿನ ದೇವಾಲಯವನ್ನು ನೋಡಬೇಕು, ಅನಂತರ ಕೋಟೆಯನ್ನು ನೋಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತು ಸರಿಯೇ. ಆದರೆ ಕಳೆದ ಇನ್ನೂರು ವರ್ಷಗಳ ಕಥೆಗೆ ಈ ಎರಡು ಸಾಕ್ಷಿಗಳು ಸಾಲವು. ಈ ಅವಧಿಯಲ್ಲಿ ದೇವರಿಗೂ ಸೇರದ, ಅರಸನ ವಾಸಕ್ಕೂ ಸೇರದ ಮೂರನೆಯ ಬಗೆಯ ಕಟ್ಟಡಗಳು ನಮ್ಮ ಪಟ್ಟಣಗಳ ನಡುವೆ ತಲೆಯೆತ್ತಿದವು. ಕಚೇರಿ, ನ್ಯಾಯಾಲಯ, ವಸ್ತುಸಂಗ್ರಹಾಲಯ, ಗ್ರಂಥಾಲಯ, ಪುರಭವನ—ಇವೆಲ್ಲ ಆ ಜಾತಿಗೆ ಸೇರಿದವು. ಇವುಗಳನ್ನು ಸಾರ್ವಜನಿಕ ಕಟ್ಟಡಗಳೆಂದು ಕರೆಯುವುದು ರೂಢಿ. ಆ ವಿಶೇಷಣವು ಎಷ್ಟರ ಮಟ್ಟಿಗೆ ಸಾರ್ಥಕವಾಗಿದೆ, ಅದು ಸಾರ್ಥಕವಾಗಲು ಯಾರು ಶ್ರಮಿಸಿದರು ಎಂಬುದನ್ನು ಬೆಂಗಳೂರಿನ ಮಟ್ಟಿಗೆ ಸ್ವಲ್ಪ ವಿಚಾರಿಸಿ ನೋಡಬಹುದು.

ಇಂಗ್ಲೆಂಡಿನ ಪಟ್ಟಣಗಳಲ್ಲಿ ಊರಿನ ನಡುವೆ ಒಂದು ಪುರಭವನವಿರುವುದು ಸಾಮಾನ್ಯ. ಲೀಡ್ಸ್ ನಗರದ ಪುರಭವನವನ್ನು 1858ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ತೆರೆದಳು. ಮ್ಯಾಂಚೆಸ್ಟರಿನ ಪುರಭವನ 1877ರಲ್ಲಿ ತೆರೆಯಿತು. ಅವೆರಡೂ ಹತ್ತಿ, ಉಣ್ಣೆಗಳ ಗಿರಣಿಗಳಿಂದ ಬೆಳೆದ ಊರುಗಳು. ಹೊಗೆಯಲ್ಲಿ ಮುಳುಗಿದ್ದ ಆ ಊರುಗಳ ವರ್ತಕರೂ ನಾಗರಿಕರೂ ತಮ್ಮ ನಗರಸಭೆಯ ಮೂಲಕ ತಮಗಾಗಿ ಒಂದು ಸಭಾಂಗಣವನ್ನು ಕಟ್ಟಿಸಿಕೊಂಡರು. ಅರಮನೆಯನ್ನೂ ನಾಚಿಸುವ ಗೋಪುರಗಳನ್ನು ಅದರ ಮೇಲೆ ನಿಲ್ಲಿಸಿದರು. ಅದರಲ್ಲಿ ಆಡಂಬರವಿತ್ತು, ಪಕ್ಕದ ಊರಿನ ಮೇಲಿನ ಸ್ಪರ್ಧೆಯೂ ಇತ್ತು. ಆದರೆ ಅದು ಊರಿನವರದೇ ಆಡಂಬರ. ಅಲ್ಲಿ ಊರು ತನ್ನ ಮನೆಯನ್ನು ತಾನೇ ಕಟ್ಟಿಕೊಂಡಿತು.

ನಮ್ಮಲ್ಲಿ ಕ್ರಮ ತಲೆಕೆಳಗಾಯಿತು. 1831ರಲ್ಲಿ ಇಂಗ್ಲಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ತಾವೇ ವಹಿಸಿಕೊಂಡು ಅದರ ಕೇಂದ್ರವನ್ನು ಬೆಂಗಳೂರಿಗೆ ತಂದರು. ಅಂದಿನ ಕಚೇರಿಗಳು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ, 1791ರಲ್ಲಿ ಮುಗಿದಿದ್ದ ಮರದ ಕಂಬಗಳ ಆ ತಂಪು ಮಹಲಿನಲ್ಲಿ ನಡೆಯುತ್ತಿದ್ದವು. ಕಡತಗಳು ಬೆಳೆದವು, ಗುಮಾಸ್ತರು ಹೆಚ್ಚಿದರು, ಮರದ ಮಹಲು ಸಾಲದಾಯಿತು. ಬೌರಿಂಗ್ ಕಮಿಷನರಾಗಿದ್ದ ಕಾಲದಲ್ಲಿ, 1864ರಿಂದ 1868ರವರೆಗೆ, ಇಂದಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ಕೆಂಪು ಬಣ್ಣದ ಉದ್ದನೆಯ ಎರಡಂತಸ್ತಿನ ಕಟ್ಟಡವೊಂದು ಎದ್ದಿತು. ಯೋಜನೆ ಇಂಜಿನಿಯರ್ ರಿಚರ್ಡ್ ಸ್ಯಾಂಕಿಯದು. ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಗ್ರೀಕ್ ಮಾದರಿಯ ಕಂಬಗಳನ್ನು ಮುಂದೆ ಸಾಲಾಗಿ ನಿಲ್ಲಿಸಿದರು. ಸಂಸ್ಥಾನದ ಹದಿನೆಂಟು ಇಲಾಖೆಗಳು ಆ ಕಂಬಗಳ ಹಿಂದೆ ಹೋಗಿ ಕುಳಿತವು.

ಹೊಸ ಕಟ್ಟಡಕ್ಕೆ ಸರ್ಕಾರದ ಕಾಗದಗಳಲ್ಲಿ ಗಂಭೀರವಾದ ಹೆಸರಿತ್ತು; ಜನರ ಬಾಯಲ್ಲಿ ಅದು ನಿಲ್ಲಲಿಲ್ಲ. ಪೇಟೆಯ ಜನ ಅದನ್ನು ಅಠಾರಾ ಕಚೇರಿ ಎಂದರು. ಅಠಾರಾ ಎಂದರೆ ಹಿಂದೂಸ್ಥಾನಿಯಲ್ಲಿ ಹದಿನೆಂಟು. ಹದಿನೆಂಟು ಬಾಗಿಲು ತಟ್ಟಿ ಬಂದವನು ಇಟ್ಟ ಹೆಸರು ಇದೆಂದು ನನಗೆ ತೋರುತ್ತದೆ. ಕಟ್ಟಡದ ಅಂದ, ಕಂಬಗಳ ಎತ್ತರ ಯಾವುದೂ ಆ ಹೆಸರಿನಲ್ಲಿಲ್ಲ. ಇರುವುದು ಬರಿಯ ಲೆಕ್ಕ. ಕಚೇರಿ ಎಂಬ ಮಾತೂ ನಮ್ಮದಲ್ಲ, ಉತ್ತರದಿಂದ ಬಂದದ್ದು. ಆದರೆ ದಕ್ಷಿಣಕ್ಕೆ ಬಂದ ಮೇಲೆ ಅದಕ್ಕೆ ಎರಡನೆಯ ಅರ್ಥವೊಂದು ಹುಟ್ಟಿತು. ವಿದ್ವಾಂಸರು ಕೂತು ಹಾಡಿದರೆ ಅದೂ ನಮಗೆ ಕಚೇರಿಯೇ. ಒಂದು ಕಚೇರಿಯಲ್ಲಿ ನಾವು ನಿಂತು ಕಾಯುತ್ತೇವೆ, ಇನ್ನೊಂದರಲ್ಲಿ ಕುಳಿತು ತಲೆದೂಗುತ್ತೇವೆ. ಒಂದೇ ಮಾತಿನಲ್ಲಿ ನಿಲ್ಲುವುದನ್ನೂ ಕೂರುವುದನ್ನೂ ಅಡಗಿಸಿದ ನಮ್ಮ ಭಾಷೆಯ ಚಮತ್ಕಾರವನ್ನು ಮೆಚ್ಚಬೇಕು.

ಜನ ಕುಳಿತುಕೊಳ್ಳುವ ಕಟ್ಟಡಕ್ಕೆ ಬೆಂಗಳೂರು ಬಹಳ ಕಾಲ ಕಾಯಬೇಕಾಯಿತು. ಪೇಟೆಯ ಮುನಿಸಿಪಲ್ ಮಂಡಲಿ 1862ರಲ್ಲೇ ಹುಟ್ಟಿತ್ತು. ದಂಡಿನ ಪ್ರದೇಶದಲ್ಲಿ ಲಾರ್ಡ್ ಮೇಯೊವಿನ ನೆನಪಿಗೆಂದು ಮೇಯೊ ಹಾಲ್ 1883ರಲ್ಲಿ ತೆರೆಯಿತು. ಆ ವೈಸರಾಯ್ 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದವನು. ಪೇಟೆಯ ಜನಕ್ಕೆಂದು ಒಂದು ಪುರಭವನ ಏಳಲು ಮಾತ್ರ 1935 ಬರಬೇಕಾಯಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಸ್ತಿಭಾರವನ್ನಿಟ್ಟರು, ಎರಡು ವರ್ಷಗಳ ಬಳಿಕ ಯುವರಾಜರು ಬಾಗಿಲು ತೆರೆದರು. ನಗರದ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದ ಸರ್ ಕೆ. ಪಿ. ಪುಟ್ಟಣ್ಣಚೆಟ್ಟರ ಹೆಸರನ್ನು ಅದು ಇಂದಿಗೂ ಹೊತ್ತಿದೆ. ಆಳುವವರ ಕಚೇರಿ ಮುಗಿದ 67 ವರ್ಷಗಳ ಮೇಲೆ ಆಳಿಸಿಕೊಳ್ಳುವವರಿಗೆ ಒಂದು ಸಭಾಂಗಣ ಸಿಕ್ಕಿತೆಂದಾಯಿತು. ಕಂಬಗಳೇನೋ ಇಲ್ಲಿಯೂ ಪಶ್ಚಿಮದವೇ; ಆದರೆ ಅವುಗಳ ಹಿಂದೆ ಕಡತಗಳ ಬದಲು ಕುರ್ಚಿಗಳಿದ್ದವು. ನಾಟಕ, ಸನ್ಮಾನ, ಸಂತಾಪಸಭೆ, ಸಾಹಿತ್ಯ ಗೋಷ್ಠಿ, ಚುನಾವಣೆಯ ಭಾಷಣ ಎಲ್ಲಕ್ಕೂ ಅಲ್ಲಿ ಜಾಗ ದೊರೆಯಿತು.

ಈ ವ್ಯತ್ಯಾಸ ನನಗೆ ಪುಸ್ತಕಗಳಿಂದ ತಿಳಿದದ್ದಕ್ಕಿಂತ ವಿದ್ಯಾರ್ಥಿಗಳಿಂದ ತಿಳಿದದ್ದೇ ಹೆಚ್ಚು. ನಾನು ಪಾಠ ಹೇಳುವುದು ಯಲಹಂಕದ ಕಡೆ. ರಾಜಾನುಕುಂಟೆ, ಬಾಗಲೂರು, ದೊಡ್ಡಜಾಲಗಳಿಂದ ಬರುವ ಮಕ್ಕಳೇ ನಮ್ಮ ತರಗತಿಯಲ್ಲಿ ಹೆಚ್ಚು. ಕೆಲವು ವರ್ಷಗಳ ಹಿಂದೆ ಆತಕೂರಿನ ಶಾಸನವನ್ನು ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗ ಆ ಕಲ್ಲು ಈಗ ಎಲ್ಲಿದೆಯೆಂದು ಕೇಳಿದ. ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ ಎಂದೆ. ನಲವತ್ತು ಮಂದಿಯಲ್ಲಿ ಅದನ್ನು ನೋಡಿದ್ದವರು ಒಬ್ಬರೂ ಇರಲಿಲ್ಲ. ಮುಂದಿನ ಶನಿವಾರವೇ ಹದಿನಾರು ಮಂದಿಯನ್ನು ಬಸ್ಸಿನಲ್ಲಿ ಕರೆದುಕೊಂಡು, ಹೆಬ್ಬಾಳ, ಮೇಖ್ರಿ ವೃತ್ತಗಳನ್ನು ದಾಟಿ ನಗರಕ್ಕೆ ಹೋದೆ.

ಅಠಾರಾ ಕಚೇರಿಯ ಎದುರು ಇಳಿದು ನಿಂತಾಗ ಮಕ್ಕಳ ಮಾತು ತಾನಾಗಿಯೇ ತಗ್ಗಿತು. ಅದು ಈಗ ಉಚ್ಚ ನ್ಯಾಯಾಲಯ. ಕರಿಯ ಕೋಟು ತೊಟ್ಟವರು ಓಡಾಡುತ್ತಿದ್ದರು. ಒಬ್ಬ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲನೆ, “ಒಳಕ್ಕೆ ಬಿಡ್ತಾರಾ, ಸಾರ್?” ಎಂದು ಕೇಳಿದಳು. ಕೆಲಸವಿಲ್ಲದೆ ಹೋಗುವಂತಿಲ್ಲವೆಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತಾತ ಜಮೀನಿನ ವಿಚಾರಕ್ಕೆ ಇಲ್ಲಿಗೆ ಬರ್ತಿದ್ರಂತೆ. ಚಪ್ಪಲೀನ ಕೈಯಲ್ಲಿ ಹಿಡ್ಕೊಂಡು ಮೆಟ್ಲು ಹತ್ತುತಿದ್ರಂತೆ” ಎಂದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಚಪ್ಪಲಿ ಬಿಡಬೇಕೆಂದು ಆ ಮುದುಕನಿಗೆ ಯಾರೂ ಆಜ್ಞೆ ಮಾಡಿರಲಾರರು. ಆ ಕಂಬಗಳೇ ಆಜ್ಞೆ ಮಾಡಿದ್ದವು. ದೇವಸ್ಥಾನದ ಮುಂದೆ ಕಲಿತ ವಿನಯವನ್ನು ಅವನು ಕಚೇರಿಗೂ ಸಲ್ಲಿಸಿದ್ದ. ಆಳುವವರು ಎತ್ತರದ ಕಂಬಗಳನ್ನು ನಿಲ್ಲಿಸುವುದರ ಉದ್ದೇಶ ಅದರಿಂದ ಈಡೇರಿತ್ತು.

ಅಲ್ಲಿಂದ ಮ್ಯೂಸಿಯಮ್ಮಿಗೆ ನಡೆದೆವು. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನ ಪ್ರಯತ್ನದಿಂದ ಅದು 1865ರಲ್ಲಿ ಬೇರೊಂದು ಕಡೆ ಹುಟ್ಟಿತು. ಅಲ್ಲಿನ ಬೀದಿಗೆ ಮ್ಯೂಸಿಯಂ ರಸ್ತೆ ಎಂಬ ಹೆಸರು ಮಾತ್ರ ಉಳಿದಿದೆ. ಈಗಿನ ಕೆಂಪು ಕಟ್ಟಡ 1877ರದು, ಮ್ಯಾಂಚೆಸ್ಟರಿನ ಪುರಭವನದ ಓರಗೆಯದು. ಒಳಗೆ ಆತಕೂರಿನ ಕಲ್ಲಿನ ಮುಂದೆ ಮಕ್ಕಳು ಸುತ್ತುಗಟ್ಟಿ ನಿಂತರು. ಸುಮಾರು 949ನೆಯ ಇಸವಿಯ ಕಲ್ಲು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಈ ಕಲ್ಲು. ಅರಸನ ಗೆಲುವೂ ನಾಯಿಯ ಸಾವೂ ಒಂದೇ ಬಂಡೆಯ ಮೇಲೆ, ಒಂದೇ ಲಿಪಿಯಲ್ಲಿವೆ. ಪುಸ್ತಕದಲ್ಲಿ ಈ ಶಾಸನವು ಪರೀಕ್ಷೆಯ ಪ್ರಶ್ನೆಯಾಗಿತ್ತು. ಇಲ್ಲಿ ಒಬ್ಬ ಹುಡುಗ ನಾಯಿಯ ಚಿತ್ರದ ಮುಂದೆ ಬಾಗಿ, ಅದರ ಬಾಯಿ ಹಂದಿಯ ಮುಖದ ಮೇಲೆ ಎಲ್ಲಿ ಬಿದ್ದಿದೆಯೆಂದು ಗೆಳೆಯನಿಗೆ ತೋರಿಸುತ್ತಿದ್ದ.

ಕೊನೆಗೆ ಹೋದದ್ದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನಕ್ಕೆ. 1883ರಿಂದ 1901ರವರೆಗೆ ದಿವಾನರಾಗಿದ್ದ ಅಯ್ಯರ್ ಅವರ ನೆನಪಿಗೆ 1915ರಲ್ಲಿ ಸಿದ್ಧವಾದ ಈ ಭವನವನ್ನು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಪುಸ್ತಕ ಭಂಡಾರವಾಗಿ ಮಾಡಿದರು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಬಳಿಕ ಅದು ರಾಜ್ಯದ ಕೇಂದ್ರ ಗ್ರಂಥಾಲಯವಾಯಿತು. ನಮ್ಮ ಕಡೆಯವರಿಗೆ ಅಯ್ಯರ್ ಅವರ ಹೆಸರು ಪರಕೀಯವಲ್ಲ. ಹೆಸರಘಟ್ಟದ ಕೆರೆಯ ನೀರು ಬೆಂಗಳೂರಿನ ನಲ್ಲಿಗಳಿಗೆ ಹರಿದದ್ದು ಅವರ ಕಾಲದಲ್ಲಿ. ನಮ್ಮ ನೀರಿಗೆ ಬದಲಾಗಿ ನಗರವು ನಮಗೆ ಪುಸ್ತಕ ಕೊಟ್ಟಿತೆನ್ನಬಹುದು. ಒಳಗೆ ಪಿಂಚಣಿದಾರರು ಪತ್ರಿಕೆ ಹಿಡಿದು ಕುಳಿತಿದ್ದರು. ಪರೀಕ್ಷೆಗೆ ಓದುವ ಹುಡುಗರಿದ್ದರು. ಮಧ್ಯಾಹ್ನದ ಸೆಖೆಗೆ ತೂಕಡಿಸುತ್ತಿದ್ದವರೂ ಇಲ್ಲದಿರಲಿಲ್ಲ. ನಮ್ಮ ಹದಿನಾರು ಮಂದಿ ಕಪಾಟುಗಳ ನಡುವೆ ಹರಡಿಕೊಂಡರು. ತಾತನ ಕಥೆ ಹೇಳಿದ ಹುಡುಗಿ ಅರ್ಧ ಗಂಟೆಯ ಮೇಲೆ ಬಂದು, “ಇಲ್ಲಿ ಯಾರೂ ಏನೂ ಕೇಳಲೇ ಇಲ್ವಲ್ಲ, ಸಾರ್!” ಎಂದಳು. ಸಾರ್ವಜನಿಕ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ.

ಹಾಗಾದರೆ ಭಯ ಹುಟ್ಟಿಸಿದ ಕಚೇರಿ ಜನರದಲ್ಲವೆ? ಇದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. ವಿಧಾನಸೌಧ ಎದ್ದು ಸರ್ಕಾರದ ಇಲಾಖೆಗಳು ಅಲ್ಲಿಗೆ ಹೋದ ಬಳಿಕ ಅಠಾರಾ ಕಚೇರಿಯು ಉಚ್ಚ ನ್ಯಾಯಾಲಯಕ್ಕೆ ದೊರೆಯಿತು. ನ್ಯಾಯಾಲಯಕ್ಕೂ ಸ್ಥಳ ಸಾಲದಾಗಿ, 1982ರ ಸುಮಾರಿಗೆ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಯೋಚನೆ ಹೊರಟಿತು. ಆಗ ನಗರದ ಜನ ಎದ್ದು ನಿಂತರು. ಹದಿನೆಂಟು ಬಾಗಿಲು ತಟ್ಟಿ ಬೇಸತ್ತವರ ಮೊಮ್ಮಕ್ಕಳೇ ಆ ಬಾಗಿಲುಗಳು ಉಳಿಯಬೇಕೆಂದು ಕೂಗಿದರು. ಕಟ್ಟಡವನ್ನು ಉಳಿಸಬೇಕೆಂಬ ಅರ್ಜಿ ಆ ನ್ಯಾಯಾಲಯದ ಮುಂದೆಯೇ ಬಂತು; ತನ್ನ ತಲೆಯ ಮೇಲಿನ ಸೂರಿನ ವಿಚಾರವನ್ನು ತಾನೇ ಕೇಳಬೇಕಾದ ವಿಚಿತ್ರ ಸಂದರ್ಭ ಆ ಸೂರಿನ ಕೆಳಗೆ ಕುಳಿತವರಿಗೆ ಒದಗಿತು. ಪರದೇಶದವರು ಕಟ್ಟಿದ ಕಟ್ಟಡ, ಆಳುವವರ ಗರ್ವದ ಗುರುತು, ಇದನ್ನೇಕೆ ಉಳಿಸಬೇಕು ಎನ್ನುವುದಕ್ಕೆ ಅವಕಾಶವಿತ್ತು. ಆದರೆ ಕಟ್ಟಿದವನ ಉದ್ದೇಶ ಕಟ್ಟಡದ ಆಯುಷ್ಯದಷ್ಟು ಬಾಳುವುದಿಲ್ಲವೆಂಬುದನ್ನು ಜನ ಕಂಡುಕೊಂಡಿದ್ದರು. ಹೆಸರಿಟ್ಟವರು ತಾವು, ನೂರು ವರ್ಷ ಮೆಟ್ಟಿಲು ಸವೆಸಿದವರು ತಾವು. ಯೋಚನೆ ಕೊನೆಗೆ ಕೈಬಿಟ್ಟಿತು, ಕಟ್ಟಡ ಉಳಿಯಿತು. ಅಠಾರಾ ಕಚೇರಿ ಸರ್ಕಾರಿ ಕಟ್ಟಡವಾದದ್ದು 1868ರಲ್ಲಿ. ಸಾರ್ವಜನಿಕ ಕಟ್ಟಡವಾದದ್ದು ಆ ಎರಡು ಮೂರು ವರ್ಷಗಳಲ್ಲಿ ಎಂದು ನಾನು ಹೇಳುತ್ತೇನೆ.

ಅದರ ಎದುರಿಗಿರುವ ವಿಧಾನಸೌಧದ ಕಥೆ ಬೇರೆ ಬಗೆಯದು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲಿಟ್ಟರು. ಆಗ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳು. ಅವರ ಬಳಿಕ ಬಂದ ಕೆಂಗಲ್ ಹನುಮಂತಯ್ಯನವರು ಯೋಜನೆಯನ್ನೇ ಬದಲಿಸಿ ದೊಡ್ಡದು ಮಾಡಿದರು. ಬೆಂಗಳೂರಿಗೆ ಬಂದ ರಷ್ಯದ ನಿಯೋಗವೊಂದು ಇಲ್ಲಿ ನಿಮ್ಮದೇ ಆದ ಶೈಲಿಯ ಕಟ್ಟಡವಿಲ್ಲವೇ, ಎಲ್ಲವೂ ಯೂರೋಪಿನದಾಗಿ ಕಾಣುತ್ತದೆ ಎಂದಿತಂತೆ. ಆ ಮಾತು ಅವರ ಮನಸ್ಸಿಗೆ ನಾಟಿತೆಂದು ಹೇಳುತ್ತಾರೆ. ಬಿ. ಆರ್. ಮಾಣಿಕ್ಯಂ ಅವರ ವಿನ್ಯಾಸದಂತೆ 1956ರಲ್ಲಿ ಕಟ್ಟಡ ಸಿದ್ಧವಾಯಿತು. ಅದರ ಕಲ್ಲಿನಲ್ಲಿ ಬಹುಭಾಗ ಮಲ್ಲಸಂದ್ರ, ಹೆಸರಘಟ್ಟಗಳ ಸುತ್ತಿನದು. ನೀರನ್ನು ಕೊಟ್ಟ ಉತ್ತರದ ಹಳ್ಳಿಗಳು ಈ ಸಲ ಬೆಟ್ಟವನ್ನೇ ಕೊಟ್ಟವು. ಖರ್ಚಿನ ವಿಚಾರವಾಗಿ ದೊಡ್ಡ ಗದ್ದಲವೆದ್ದಿತು, ವಿಚಾರಣೆಯೂ ನಡೆಯಿತು. ಕಟ್ಟಡ ಮುಗಿದ ವರ್ಷವೇ ಕಟ್ಟಿಸಿದವರು ಅಧಿಕಾರದಿಂದ ಇಳಿದರು. ಸರ್ಕಾರದ ಕೆಲಸ ದೇವರ ಕೆಲಸ ಎಂಬ ಬರಹ ಮಾತ್ರ ಹಣೆಯ ಮೇಲೆ ನಿಂತಿತು. ಅದನ್ನು ಒಳಗಿರುವವರು ಓದಬೇಕು. ದುರ್ದೈವದಿಂದ ಅದು ಕಾಣುವುದು ಹೊರಗಿರುವವರಿಗೆ.

ಕಂಬಗಳೆಲ್ಲ ದೇಶೀಯವಾದರೂ ಮೆಟ್ಟಿಲುಗಳ ಪ್ರಶ್ನೆ ಹಾಗೆಯೇ ಉಳಿದಿದೆ. ವಿಧಾನಸೌಧದ ಮುಂದಿನ ನಲವತ್ತೈದು ಮೆಟ್ಟಿಲುಗಳಿಗೂ ರಸ್ತೆಗೂ ನಡುವೆ ಈಗ ಕಬ್ಬಿಣದ ಬೇಲಿಯಿದೆ, ಕಾವಲಿದೆ. ಕಾಲ ಕೆಟ್ಟಿದೆ, ಕಾವಲು ಬೇಕು ಎಂಬುದನ್ನು ಒಪ್ಪೋಣ. 2025ರಲ್ಲಿ ಪ್ರವಾಸೋದ್ಯಮ ಇಲಾಖೆಯವರು ಟಿಕೆಟ್ಟು ಕೊಟ್ಟು ಜನರಿಗೆ ಸೌಧವನ್ನು ತೋರಿಸುವ ಏರ್ಪಾಡು ಮಾಡಿದ್ದು ಸಂತೋಷದ ಸಂಗತಿಯೇ. ಆದರೂ ತನ್ನ ಮನೆಯನ್ನು ಟಿಕೆಟ್ಟು ಕೊಂಡು ನೋಡುವವನ ಮುಖದಲ್ಲಿ ಒಂದು ಸಣ್ಣ ನಗೆ ಮೂಡದಿರದು. ಪುರಭವನದ ಮೆಟ್ಟಿಲುಗಳ ಮೇಲೆ ಬಹುಕಾಲ ರೈತರು, ಕಾರ್ಮಿಕರು, ಲೇಖಕರು ಫಲಕ ಹಿಡಿದು ನಿಲ್ಲುತ್ತಿದ್ದರು. 2021ರ ಆದೇಶದ ಬಳಿಕ ನಗರದ ಪ್ರತಿಭಟನೆಗಳಿಗೆ ಫ್ರೀಡಂ ಪಾರ್ಕ್ ಒಂದೇ ಸ್ಥಳವೆಂದು ಗೊತ್ತಾಗಿದೆ. ಅದು ಹಿಂದೆ ಸೆರೆಮನೆಯಾಗಿದ್ದ ಜಾಗ. ಸೆರೆಮನೆ ಸ್ವಾತಂತ್ರ್ಯದ ಉದ್ಯಾನವಾದದ್ದು ಶುಭಸೂಚನೆಯೋ, ಸ್ವಾತಂತ್ರ್ಯವು ಹಳೆಯ ಸೆರೆಮನೆಯ ಗೋಡೆಯೊಳಗೆ ಹೋದದ್ದು ಅಶುಭವೋ, ಓದುಗರೇ ತೀರ್ಮಾನಿಸಲಿ. ಊರ ನಡುವಿನ ಕಟ್ಟಡವನ್ನು ಬಣ್ಣ ಬಳಿದು ರಕ್ಷಿಸಿದರೆ ಸಾಲದು, ಅದರ ಮೆಟ್ಟಿಲನ್ನೂ ರಕ್ಷಿಸಬೇಕು ಎಂಬುದಷ್ಟೇ ನನ್ನ ಅರಿಕೆ.

ಇದೆಲ್ಲ ನಗರದ ನಡುವಿನ ಮಾತಾಯಿತು. ನಮ್ಮ ಉತ್ತರ ದಿಕ್ಕಿನಲ್ಲಿ ಏನಿದೆಯೆಂದು ಯಾರಾದರೂ ಕೇಳಬಹುದು. ತಾಲ್ಲೂಕು ಕಚೇರಿಗಳ ಹೊಸ ಕಟ್ಟಡಗಳನ್ನು ನಾಡಿನ ಎಲ್ಲೆಡೆಯಂತೆ ಇಲ್ಲಿಯೂ ಜನ ಮಿನಿ ವಿಧಾನಸೌಧ ಎನ್ನುತ್ತಾರೆ. ಸರ್ಕಾರ 2022ರಲ್ಲಿ ಅವುಗಳಿಗೆ ಆಡಳಿತ ಸೌಧವೆಂಬ ಶುದ್ಧ ಹೆಸರನ್ನು ಕೊಟ್ಟಿತು. ಬಸ್ಸಿನ ಕಂಡಕ್ಟರಿಗೆ ಅದು ಇನ್ನೂ ತಿಳಿದಂತಿಲ್ಲ. ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಜನ ಒಂದು ಶತಮಾನದಿಂದ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿಲ್ಲವೆ? ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಪುಟ್ಟ ರೈಲು ಓಡತೊಡಗಿದ ಕಾಲದ ನಿಲ್ದಾಣಗಳು ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿಗಳಲ್ಲಿವೆ. ಕಲ್ಲಿನ ಗೋಡೆ, ಹೆಂಚಿನ ಮಾಡುಗಳ ಆ ಪುಟ್ಟ ಕಟ್ಟಡಗಳು ಬಹುಕಾಲ ಪಾಳುಬಿದ್ದಿದ್ದವು. ಈಚಿನ ವರ್ಷಗಳಲ್ಲಿ ಇನ್‌ಟ್ಯಾಕ್ ಸಂಸ್ಥೆಯೂ ರೈಲ್ವೆಯವರೂ ಅವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿದ್ದಾರೆ. ಹಳ್ಳಿಯವನು ಚಪ್ಪಲಿ ಕಳಚದೆ ಹೊಕ್ಕ ಮೊದಲ ಸರ್ಕಾರಿ ಕಟ್ಟಡ ಪ್ರಾಯಶಃ ರೈಲು ನಿಲ್ದಾಣವೇ ಇದ್ದೀತು.

ಎಲ್ಲಕ್ಕಿಂತ ಚಿಕ್ಕದನ್ನು ಕಡೆಗೆ ಹೇಳುತ್ತೇನೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ರದು. ಹೋರಾಡಿ ಮಡಿದ ಕಿತ್ತಯ್ಯ ಎಂಬವನ ನೆನಪಿನ ಕಲ್ಲು ಅದು. ಅದರಲ್ಲಿ ಊರಿನ ಹೆಸರು ಪೆರ್ಬೊಳಲ್ ಎಂದಿದೆ. ಪೊಳಲ್ ಎಂದರೆ ಹಳಗನ್ನಡದಲ್ಲಿ ಪಟ್ಟಣ. ಪೆರ್ಬೊಳಲ್ ಎಂದರೆ ಹೆಬ್ಬಟ್ಟಣ. ನಾವು ಬಸ್ಸಿನಲ್ಲಿ ಕುಳಿತು, ಯಾವಾಗ ದಾಟೇವೋ ಎಂದು ಶಪಿಸುವ ಹೆಬ್ಬಾಳವು ಬೆಂಗಳೂರು ಪೇಟೆ ಹುಟ್ಟುವುದಕ್ಕೆ ಎಂಟು ಶತಮಾನ ಮೊದಲೇ ದೊಡ್ಡ ಊರೆನಿಸಿಕೊಂಡಿತ್ತು. ಶಾಸನಗಳಲ್ಲಿ ಆಸಕ್ತರಾದ ಕೆಲವರೂ ಊರಿನವರೂ ಸೇರಿ ಆ ಕಲ್ಲನ್ನು ಕಾಪಾಡಿದರು. ಜನರು ಕೊಟ್ಟ ಹಣದಿಂದ ಅದರ ಮೇಲೆ ಒಂದು ಕಲ್ಲಿನ ಮಂಟಪವೆದ್ದಿತು. ಅದಕ್ಕೆ ಹದಿನೆಂಟು ಇಲಾಖೆಗಳಿಲ್ಲ, ನಲವತ್ತೈದು ಮೆಟ್ಟಿಲುಗಳಿಲ್ಲ. ಲೀಡ್ಸಿನವರು ದೊಡ್ಡದಾಗಿ ಮಾಡಿದ್ದನ್ನು ಹೆಬ್ಬಾಳದವರು ಚಿಕ್ಕದಾಗಿ ಮಾಡಿದರು: ಊರಿಗೆ ಬೇಕಾದದ್ದನ್ನು ಊರೇ ಕಟ್ಟಿಕೊಂಡಿತು.

ನಮ್ಮ ಶಾಲೆ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ಸೂಚನೆಯಿದೆ. ವರ್ಷಕ್ಕೊಂದು ದಿನ ಮಕ್ಕಳನ್ನು ತಮ್ಮ ಊರಿನ ಹಳೆಯದೊಂದು ಸಾರ್ವಜನಿಕ ಕಟ್ಟಡಕ್ಕೆ ಕರೆದುಕೊಂಡು ಹೋಗಲಿ. ಅದು ತಾಲ್ಲೂಕು ಕಚೇರಿಯಾಗಲಿ, ರೈಲು ನಿಲ್ದಾಣವಾಗಲಿ, ಹಳೆಯ ಪ್ರಾಥಮಿಕ ಶಾಲೆಯೇ ಆಗಲಿ. ಅದನ್ನು ಕಟ್ಟಿದವರು ಯಾರು, ಕಲ್ಲು ಎಲ್ಲಿಯದು, ಜನ ಅದನ್ನು ಏನೆಂದು ಕರೆಯುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಮಕ್ಕಳು ಕನ್ನಡದಲ್ಲಿ ಉತ್ತರ ಬರೆಯಲಿ. ನಾಳೆ ಯಾರಾದರೂ ಆ ಕಟ್ಟಡವನ್ನು ಕೆಡವಲು ಬಂದರೆ, ಅದು ತಮ್ಮದೆಂದು ಹೇಳಲು ಹತ್ತು ಮಂದಿಯಾದರೂ ಊರಿನಲ್ಲಿ ಇರುತ್ತಾರೆ. ಇದು ನಮ್ಮದು ಎಂದು ಧೈರ್ಯವಾಗಿ ಹೇಳುವವನು ಚಪ್ಪಲಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ.